ಮರೆತುಬಿಡಿ ಅಂದಿದ್ದು ಪೆಟ್ರೋಲನ್ನ, ಇಂಜಿನ್ನನ್ನಲ್ಲ

ಬೆಳಿಗ್ಗೆ ಒಂಬತ್ತಕ್ಕೆ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡವರಿಗೆ ಗೊತ್ತಿರುತ್ತೆ, ಅಲ್ಲಿ ಮಾಡೋಕೆ ಬೇರೇನೂ ಕೆಲಸ ಇರಲ್ಲ. ಪಕ್ಕದ ಕಾಂಕ್ರೀಟ್ ಗೋಡೆಗೆ ಒತ್ತಿಕೊಂಡು ಇಂಚಿಂಚೇ ಮುಂದೆ ಹೋಗುವಾಗ ನಮ್ಮ ಬೈಕಿನ ಸದ್ದು ಗೋಡೆಗೆ ಬಡಿದು ನಮ್ಮ ಕಿವಿಗೇ ವಾಪಸ್ ಬರುತ್ತೆ. ಹಾಗೆ ವಾಪಸ್ ಬಂದ ಸದ್ದಿನಲ್ಲೇ ನಾನು ಅದನ್ನು ಮೊದಲ ಸಲ ಕೇಳಿದ್ದು. ಡಬ್ಬಿಯಲ್ಲಿ ನಾಲ್ಕು ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ, ಇಂಜಿನ್ನಿನ ಎಡಗಡೆಯಿಂದ. ಆಕ್ಸಿಲರೇಟರ್ ಬಿಟ್ಟಾಗ ಜಾಸ್ತಿ. ಯಲಹಂಕದಿಂದ ಅಲ್ಲೀತನಕ ಗಾಳಿಯ ಸದ್ದು ಅದನ್ನು ಮುಚ್ಚಿಟ್ಟಿತ್ತು.

ಬೈಕು ಅಪ್ಪನದು. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಿರೋ ಕಾಲದ ಸ್ಪ್ಲೆಂಡರ್. ಗೌರಿಬಿದನೂರು ಕಡೆಯ ನಮ್ಮೂರಲ್ಲಿ ಎರಡು ಹೊತ್ತೂ ಡೈರಿಗೆ ಹಾಲಿನ ಕ್ಯಾನು ಹೊತ್ತು, ಆಮೇಲೆ ನನ್ನ ಜೊತೆ ಬೆಂಗಳೂರಿಗೆ ಬಂತು. ಈಗ ದಿನಾ ಮಾನ್ಯತಾ ಟೆಕ್ ಪಾರ್ಕ್‌ಗೆ ಹೋಗಿ ಬರುತ್ತೆ. ಅವತ್ತು ಸಂಜೆ ಆರ್.ಟಿ. ನಗರದ ಒಂದು ಗ್ಯಾರೇಜಿನಲ್ಲಿ ನಿಲ್ಲಿಸಿ, 'ಸೌಂಡ್ ಹೋಗ್ಬೇಕು' ಅಂದೆ. ಹುಡುಗ ಕೆಳಗಿನ ಒಂದು ಬೋಲ್ಟ್ ಬಿಚ್ಚಿ, ಒಂದು ಸ್ಪ್ರಿಂಗ್ ಹೊರಗೆ ತೆಗೆದು, ಎರಡು ಕೈಯಲ್ಲೂ ಹಿಡಿದು ಎಳೆದು ಉದ್ದ ಮಾಡಿ, ವಾಪಸ್ ಹಾಕಿದ. ಹತ್ತೇ ನಿಮಿಷ. 'ಹೋಯ್ತು ನೋಡಿ ಸಾರ್.' ನಿಜವಾಗಲೂ ಹೋಗಿತ್ತು. ಮೂರು ವಾರ ಆದ ಮೇಲೆ ಇನ್ನೂ ಜೋರಾಗಿ ಬಂತು.

ನಾನು ಮೆಕ್ಯಾನಿಕಲ್ ಬಿ.ಇ. ಓದಿ ಸಾಫ್ಟ್‌ವೇರ್ ಸೇರಿದವನು. ಕೈನೆಮ್ಯಾಟಿಕ್ಸ್ ಪೇಪರ್ ಪಾಸು ಮಾಡಿದ್ದೇನೆ. ಆದರೂ ಆ ಹುಡುಗ ಏನು ಮಾಡಿದ ಅನ್ನೋದು ಅವತ್ತು ನನಗೆ ಗೊತ್ತಾಗಲಿಲ್ಲ. ಯಾಕೆ ಗೊತ್ತಾಗಲಿಲ್ಲ ಅಂತ ಯೋಚಿಸ್ತಾ ಹೋದರೆ ನಾನು ಬಂದು ನಿಲ್ಲೋದು ಒಂದು ಜಾಹೀರಾತಿನ ಮುಂದೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಅದರ ಘೋಷಣೆ ನಮ್ಮ ಅಪ್ಪಂದಿರಿಗೆ ಬಾಯಿಪಾಠ: ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್. ತುಂಬಿಸಿ, ಮುಚ್ಚಿ, ಮರೆತುಬಿಡಿ. ಈ ಮಾತಿಗೆ ಸಲ್ಲಬೇಕಾದ ಗೌರವ ಮೊದಲು ಸಲ್ಲಿಸೋಣ. ಅವತ್ತು ನಮ್ಮ ಕಡೆ ಬೈಕು ಅಂದ್ರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಇಲ್ಲಾ ರಾಜದೂತ್. ಎರಡೂ ಟೂ ಸ್ಟ್ರೋಕ್. ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೆಕ್ಕ ಹಾಕಿ ಆಯಿಲ್ ಬೆರೆಸಬೇಕು, ಮೈಲೇಜ್ ವಿಷಯ ಮಾತಾಡಲೇಬಾರದು. ಅಂಥ ಕಾಲದಲ್ಲಿ ಆಯಿಲ್ ಬೆರೆಸೋ ಕೆಲಸವೇ ಇಲ್ಲದ, ಒಂದು ಲೀಟರಿಗೆ ಅಷ್ಟು ದೂರ ಓಡೋ ಬೈಕು ರೈತನಿಗೆ, ಗುಮಾಸ್ತನಿಗೆ, ಮೇಷ್ಟ್ರಿಗೆ ನಿಜವಾದ ಬಿಡುಗಡೆ. ಘೋಷಣೆ ಸುಳ್ಳು ಹೇಳಲಿಲ್ಲ. ಮರೆಯೋಕೆ ಹೇಳಿದ್ದು ಟ್ಯಾಂಕನ್ನ, ಪೆಟ್ರೋಲ್ ಬಂಕನ್ನ.

ಮೂರನೇ ಮಾತನ್ನ ನಾವು ಬೈಕಿಗೆಲ್ಲ ಅನ್ವಯ ಮಾಡಿಕೊಂಡೆವು. ಇಲ್ಲಿರೋದು ಓದುಗನ ತಪ್ಪು, ಆದರೆ ಆ ಮಾತೇ ಅಂಥ ಓದಿಗೆ ಜಾಗ ಕೊಡುತ್ತೆ. ಒಳ್ಳೆಯ ಘೋಷಣೆಗಳ ತೊಂದರೆಯೇ ಇದು. ನಾಲಿಗೆಗೆ ಹಿಡಿಸಲಿ ಅಂತ ಕರ್ಮಪದವನ್ನು ಸಣ್ಣದು ಮಾಡುತ್ತವೆ. 'ಇಟ್' ಅಂದ್ರೆ ಯಾವುದು ಅಂತ ಮೂವತ್ತು ನಲವತ್ತು ವರ್ಷ ಯಾರೂ ಕೇಳಲಿಲ್ಲ.

ಕೇಳಬೇಕಾಗಿದ್ದ ಜಾಗ ಟೈಮಿಂಗ್ ಚೈನು. ಯೆಜ್ಡಿಯಲ್ಲಿ ವಾಲ್ವೇ ಇಲ್ಲ, ಹಾಗಾಗಿ ಈ ಚೈನೂ ಇಲ್ಲ. ಹಳೇ ಬುಲೆಟ್ ಫೋರ್ ಸ್ಟ್ರೋಕೇ ಆದರೂ ಅದರಲ್ಲಿ ಕ್ಯಾಮ್ ತಿರುಗಿಸೋದು ಹಲ್ಲುಚಕ್ರಗಳು. ನೂರು ಸಿಸಿಯ ಈ ಹೊಸ ಇಂಜಿನ್ನಿನಲ್ಲಿ ಮಾತ್ರ ಕ್ಯಾಮ್ ಮೇಲೆ ತಲೆಯಲ್ಲಿ ಕೂತಿದೆ, ಕ್ರ್ಯಾಂಕ್ ಕೆಳಗಿದೆ. ಎರಡನ್ನೂ ಕಟ್ಟಿ ಹಾಕಿರೋದು ಒಳಗೇ ಓಡುವ ಒಂದು ಸಣ್ಣ ಚೈನು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರಬೇಕು. ಲೆಕ್ಕ ಒಂದು ಹಲ್ಲು ತಪ್ಪಿದರೂ ವಾಲ್ವು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತೆ. ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಎಳೆತ ಬಿದ್ದುಹೋಗುತ್ತೆ. ಇನ್ನೂ ತಪ್ಪಿದರೆ ಕೆಲವು ಇಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೇ ಬಡಿಯುತ್ತೆ.

ಚೈನು ಓಡಿದಂತೆಲ್ಲ ಅದರ ಪಿನ್ನುಗಳು ಸವೆದು ಒಟ್ಟು ಉದ್ದ ಹೆಚ್ಚುತ್ತೆ. ಆ ಸಡಿಲವನ್ನ ಎಳೆದುಕೊಳ್ಳೋದೇ ಟೆನ್ಶನರ್ ಕೆಲಸ. ಹೆಸರಿಗೆ ತಕ್ಕ ಹಾಗೆ ನಮ್ಮ ಟೆನ್ಶನ್ನೆಲ್ಲ ಅದೇ ತಗೊಳ್ಳುತ್ತೆ. ಸ್ಪ್ಲೆಂಡರಿನಲ್ಲಿ ಕೆಳಗಡೆ ಆಯಿಲ್‌ನಲ್ಲಿ ಮುಳುಗಿರೋ ಒಂದು ರಾಡು, ಹಿಂದೆ ಸ್ಪ್ರಿಂಗು, ತುದಿಗೆ ರಬ್ಬರಿನ ತಲೆ. ಅದು ಒಂದು ತೋಳನ್ನ ಒತ್ತುತ್ತೆ, ತೋಳಿನ ತುದಿಯ ರೋಲರ್ ಚೈನನ್ನ ಒತ್ತುತ್ತೆ. ರಾಡು ಹಿಂದಕ್ಕೆ ಕುಣಿಯದ ಹಾಗೆ ತಡೆಯೋದು ಆಯಿಲ್ಲು. ಅಂದ್ರೆ ಆಯಿಲ್ ಕಡಿಮೆಯಾದರೆ, ಕೆಟ್ಟರೆ, ಟೆನ್ಶನರಿನ ಅರ್ಧ ಶಕ್ತಿ ಹೋಯಿತು ಅಂತಲೇ ಲೆಕ್ಕ. ಒಳ್ಳೆಯ ವಿನ್ಯಾಸ, ಅದರಲ್ಲಿ ಎರಡು ಮಾತಿಲ್ಲ. 1969ರ ಹೋಂಡಾ ಸಿಬಿ 750ಯಂಥ ಬೈಕುಗಳಲ್ಲಿ ಸವಾರನೇ ಆಗಾಗ ನಟ್ಟು ಸಡಿಲಿಸಿ, ಚೈನು ಹದ ಮಾಡಿ, ಮತ್ತೆ ಬಿಗಿಮಾಡಬೇಕಿತ್ತು. ಆ ಕೆಲಸ ಇಲ್ಲಿಲ್ಲ. ಎಲ್ಲಾ ಆಟೋಮ್ಯಾಟಿಕ್.

ನನ್ನ ತಕರಾರು ಇರೋದು 'ಆಟೋಮ್ಯಾಟಿಕ್' ಅನ್ನೋ ಈ ಪದದ ಮೇಲೆ. ಟೆನ್ಶನರ್ ಸವೆತವನ್ನ ಸರಿಮಾಡಲ್ಲ, ತುಂಬಿಕೊಡುತ್ತೆ ಅಷ್ಟೆ. ತುಂಬಿಕೊಡೋಕೂ ಒಂದು ಮಿತಿ ಇದೆ. ರಬ್ಬರ್ ಗಟ್ಟಿಯಾಗಿ, ರೋಲರ್ ಸವೆದು, ಸ್ಪ್ರಿಂಗ್ ಸೋತು, ಚೈನು ಇನ್ನೂ ಉದ್ದವಾದರೆ ಅದರ ಕೈ ಮುಟ್ಟಲ್ಲ. ಅಲ್ಲೀತನಕ ಒಂದು ಮಾತೂ ಆಡದೆ ಹೊತ್ತುಕೊಂಡು ಬಂದಿರುತ್ತೆ. ಆಮೇಲೆ ಅದಕ್ಕೆ ಉಳಿಯೋ ಭಾಷೆ ಒಂದೇ, ಆ ಕಟಕಟ. ನಮ್ಮ ಆಫೀಸುಗಳಲ್ಲೂ ಇಂಥವು ಇವೆ. ಸರ್ವರ್ ಬಿದ್ದಾಗಲೆಲ್ಲ ತಾನೇ ಎಬ್ಬಿಸೋ ಸ್ಕ್ರಿಪ್ಟು ವರ್ಷಗಟ್ಟಲೆ ಓಡ್ತಾ ಇರುತ್ತೆ, ಡ್ಯಾಶ್‌ಬೋರ್ಡ್ ಹಸಿರಾಗೇ ಇರುತ್ತೆ. ಒಂದು ಶುಕ್ರವಾರ ರಾತ್ರಿ ಎಬ್ಬಿಸಿದರೂ ಏಳಲ್ಲ. ಆಗ ನಾವು ಏಳ್ತೀವಿ.

ಬೈಕಿನ ಜೊತೆ ಬರೋ ಪುಸ್ತಿಕೆ ಈ ಮರೆವಿಗೆ ಇನ್ನಷ್ಟು ನೀರೆರೆಯುತ್ತೆ. ನನ್ನ ಕೈಗೆ ಸಿಕ್ಕ ಪುಸ್ತಿಕೆಯ ಸರ್ವಿಸ್ ಪಟ್ಟಿಯಲ್ಲಿ ಹೊರಗಿನ ಚೈನಿಗೆ ಒಂದು ಸಾಲಿದೆ, ಒಳಗಿನ ಚೈನಿಗೆ ಇಲ್ಲ. ಸವಾರ ಮುಟ್ಟಬಾರದ್ದನ್ನ ಹೇಳದೇ ಇರೋದು ಸರಿ ಅಂತ ವಾದ ಮಾಡಬಹುದು, ಒಪ್ಪೋಣ. ಆದರೆ ಮುಟ್ಟೋದು ಬೇರೆ, ಕೇಳೋದು ಬೇರೆ. 'ಎಡಗಡೆ ಹೀಗೆ ಸದ್ದು ಬಂದರೆ ಮೊದಲು ಆಯಿಲ್ ನೋಡಿ, ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ' ಅಂತ ಒಂದು ಸಾಲು, ಕನ್ನಡದಲ್ಲಿ, ಬರೆಯೋಕೆ ಎಷ್ಟು ಜಾಗ ಬೇಕು?

ಹಾಗಂತ ಆ ಗ್ಯಾರೇಜ್ ಹುಡುಗನನ್ನ ಬೈದು ಮುಗಿಸೋ ಹಾಗೂ ಇಲ್ಲ. ಎಳೆದ ಸ್ಪ್ರಿಂಗು ಬೇಗ ಮತ್ತೆ ಸೋಲುತ್ತೆ, ಅಷ್ಟು ದಿನ ಸವೆದ ರಬ್ಬರಿನ ಮೇಲೆ ಇನ್ನಷ್ಟು ಭಾರ ಹಾಕುತ್ತೆ. ಸ್ಪ್ರಿಂಗಿನ ಹಿಂದೆ ವಾಷರ್ ತುರುಕೋದೂ ಅಷ್ಟೆ. ಇವು ರಿಪೇರಿಯಲ್ಲ, ಅಳೋ ಮಗುವಿನ ಬಾಯಿ ಮುಚ್ಚೋದು. ಆದರೆ ನಾನು ಕೇಳಿದ್ದೂ ಅದನ್ನೇ ತಾನೆ? 'ಏನಾಗಿದೆ ನೋಡು' ಅನ್ನಲಿಲ್ಲ, 'ಸೌಂಡ್ ಹೋಗ್ಬೇಕು' ಅಂದೆ. ಕೇಳಿದ್ದನ್ನ ಅವನು ಹತ್ತು ನಿಮಿಷದಲ್ಲಿ ಮಾಡಿಕೊಟ್ಟ. ನಮ್ಮ ಟೀಮಿಗೆ ಯಾರಾದರೂ ಇಂಥ ಟಿಕೆಟ್ ಹಾಕಿದ್ದರೆ ವಾಪಸ್ ಕಳಿಸ್ತಿದ್ದೆ.

ಅಪ್ಪ ಬೆಂಗಳೂರಿಗೆ ಬಂದಿದ್ದ ಒಂದು ಭಾನುವಾರ ವಿಷಯ ಹೇಳಿದೆ. ರಾತ್ರಿ ಮಲಗಿದಲ್ಲೇ ತೋಟದ ಪಂಪ್‌ಸೆಟ್ ಸದ್ದು ಕೇಳಿ 'ಬೇರಿಂಗ್ ಹೋಗ್ತಾ ಐತೆ' ಅನ್ನೋ ಮನುಷ್ಯ. ಬೈಕ್ ಸ್ಟಾರ್ಟ್ ಮಾಡಿಸಿ, ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗಿಟ್ಟು ಹಿಡಿಯನ್ನ ಕಿವಿಯ ಮೂಳೆಗೆ ಒತ್ತಿದ. ಮೇಲೆ ಟ್ಯಾಪೆಟ್ ಕವರಿನ ಹತ್ತಿರ ಇಟ್ಟ, ಎಡಗಡೆ ಕೆಳಗಿಟ್ಟ. 'ಟ್ಯಾಪೆಟ್ ಆದ್ರೆ ಟಿಕ್ಕು ಟಿಕ್ಕು ಅಂತ ಮೇಲಿಂದ ಬರ್ತದೆ. ಇದು ಚೈನು.' ಆಮೇಲೆ ಕೇಳಿದ: 'ಆಯಿಲ್ ಯಾವಾಗ ನೋಡಿದ್ಯೋ?'

ನಾನು ಉತ್ತರ ಕೊಡಲಿಲ್ಲ. ಅಪ್ಪ ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಅದ್ದಿ ತೋರಿಸಿದ. ತುದಿ ಒಣಗಿತ್ತು.

ಮುಂದಿನ ವಾರ ಜೆ.ಸಿ. ರೋಡಿನಲ್ಲಿ ಒರಿಜಿನಲ್ ಚೈನು, ರಾಡು, ಸ್ಪ್ರಿಂಗು, ರೋಲರುಗಳು ಎಲ್ಲಾ ತಗೊಂಡೆ. ಯಶವಂತಪುರದಲ್ಲಿ ಅಪ್ಪನ ವಯಸ್ಸಿನ ಇನ್ನೊಬ್ಬರು ಮೆಕ್ಯಾನಿಕ್ ಹಾಕಿಕೊಟ್ಟರು. ಫ್ಲೈವೀಲಿನ ಗುರುತು, ಕ್ಯಾಮಿನ ಗುರುತು ಎರಡನ್ನೂ ಕೂಡಿಸಿ ಚೈನು ಹಾಕಿ, ಕವರ್ ಮುಚ್ಚೋಕೆ ಮುಂಚೆ ಕೈಯಲ್ಲೇ ಇಂಜಿನ್ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿದರು. ಹಳೇ ರಾಡಿನ ರಬ್ಬರನ್ನ ನನ್ನ ಅಂಗೈ ಮೇಲಿಟ್ಟರು. ಉಗುರು ಒತ್ತಿದರೆ ಇಳಿಯಲಿಲ್ಲ, ಕಲ್ಲಾಗಿತ್ತು. ರೋಲರಿನ ಮೇಲೆ ಚೈನು ಕೊರೆದ ಗಾಡಿ ಜಾಡು. ಹಾಲಿನ ಕ್ಯಾನಿನ ಅಷ್ಟೂ ವರ್ಷ ಅಪ್ಪನ ಕೈಯಲ್ಲಿ ತಡೆದುಕೊಂಡಿದ್ದು, ನನ್ನ ಕೈಯಲ್ಲಿ ಆಯಿಲ್ ಇಲ್ಲದೆ ಸೋತಿತ್ತು.

ಹಳೇ ಬೈಕಿರೋರಿಗೆ ನಾನು ಹೇಳೋದು ಇಷ್ಟೇ. ಆ ಘೋಷಣೆಯ ಮೊದಲ ಎರಡು ಮಾತು ಇವತ್ತಿಗೂ ಸರಿ. ಮೂರನೆಯದನ್ನ ಪೆಟ್ರೋಲಿಗೆ ಬಿಟ್ಟುಬಿಡಿ. ಸದ್ದು ಬಂದರೆ ಅದನ್ನ ಓಡಿಸೋಕೆ ಹೋಗಬೇಡಿ, ಎಲ್ಲಿಂದ ಬರ್ತಾ ಇದೆ ಕೇಳಿ. ಗ್ಯಾರೇಜಿನಲ್ಲಿ ಹೇಳೋ ಮಾತೂ ಬದಲಾಗಲಿ.

ಈಗ ನಾನು ಪ್ರತಿ ಭಾನುವಾರ ಡಿಪ್‌ಸ್ಟಿಕ್ ತೆಗೆದು ನೋಡ್ತೀನಿ. ಅಪ್ಪ ಫೋನ್ ಮಾಡಿದಾಗ ಮೊದಲು ಕೇಳೋದೂ ಅದನ್ನೇ, ಊಟ ಆಯ್ತಾ ಅನ್ನೋದು ಆಮೇಲೆ.