ಕಾಯಿಯಿಂದ ಕಡಗದವರೆಗೆ

ಆಕ್ಸ್‌ಫರ್ಡ್, ಕೇಂಬ್ರಿಜ್ ಹುಡುಗರು 1829ರಲ್ಲಿ ಶುರುಮಾಡಿದ ದೋಣಿ ಪಂದ್ಯದ ಜಿದ್ದು ಜಗತ್ತಿಗೇ ಗೊತ್ತು. ನಮ್ಮ ಚಿತ್ತಾಪುರ, ಸೇಡಂ ಸೀಮೆಯ ಊರೂರುಗಳ ಜಿದ್ದು ಕಾಣುವುದು ಜಾತ್ರೆಯ ಕುಸ್ತಿಯಲ್ಲಿ. ಹಲಗಿ ಬಡಿದೊಡನೆ ಹುಡುಗರ ಕಾಯಿ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಹೊತ್ತಿಳಿದ ಮೇಲೆ ಬೆಳ್ಳಿ ಕಡಗಕ್ಕೆ ಸೆಣಸುವ ಜೋಡಿ.

ಎತ್ತಿ ಒಗೆಯುವುದನ್ನು ಎಲ್ಲರೂ ನೋಡುತ್ತಾರೆ. ನನಗೆ ಅದಕ್ಕೂ ಮುಂಚಿನದು ಇಷ್ಟ. ಪೈಲ್ವಾನ ಬಗ್ಗಿ ಹಿಡಿ ಮಣ್ಣು ತೆಗೆದು ಎದುರಾಳಿಯ ಮೈಗೂ ಸವರುತ್ತಾನೆ. ಬೆವರಿದ ಮೈ ಜಾರಬಾರದು, ಹಿಡಿತ ಇಬ್ಬರಿಗೂ ಸಿಗಬೇಕು. ಎಂಥ ದೊಡ್ಡಸ್ತಿಕೆ! ಆಮೇಲೆ ಹಣೆಗೆ ಹಣೆ, ಕುತ್ತಿಗೆಯ ಮೇಲೆ ಅಂಗೈ. ಆ ಅಂಗೈ ಸುಮ್ಮನೆ ಕೂತಿರುವುದಿಲ್ಲ. ಎದುರಿನವನ ಭಾರ ಯಾವ ಕಾಲಿಗೆ ವಾಲಿತೆಂದು ತೂಗುತ್ತಿರುತ್ತದೆ. ತೋಲ ತಪ್ಪಿದ ಗಳಿಗೆಯಲ್ಲೇ ಡಾವು, ಅಂದರೆ ಪಟ್ಟು, ಬೀಳುತ್ತದೆ. ಬೆನ್ನು ಮಣ್ಣಿಗೆ ಹತ್ತಿದರೆ ಚಿತ್! ಅಂಕಗಳ ಲೆಕ್ಕ ಬೇಕಿಲ್ಲ.

ಮುಂದಿನ ಜಾತ್ರೆಗೆ ಬಂದರೆ ಅಖಾಡದ ಅಂಚಿಗೇ ಕೂತು ಆ ಅಂಗೈ ನೋಡಿ.