ಉತ್ತಂಗಿ ಚನ್ನಪ್ಪನವರ ಸಂಶೋಧನೆ: ಜಾನಪದ ದೃಷ್ಟಿಯ ಮರುಪರಿಶೀಲನೆ

ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ ಹೆಸರು ಕನ್ನಡ ಸಂಶೋಧನಾ ಚರಿತ್ರೆಯಲ್ಲಿ ಉಳಿದಿರುವುದು ರೆವರೆಂಡ್ ಉತ್ತಂಗಿ ಚನ್ನಪ್ಪನವರಿಂದ (1881-1962). ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸುತ್ತಲೇ ಅವರು ಸರ್ವಜ್ಞನ ತ್ರಿಪದಿಗಳನ್ನು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿದರು. ಅದರ ಫಲವಾದ ‘ಸರ್ವಜ್ಞನ ವಚನಗಳು’ 1924ರಲ್ಲಿ ಪ್ರಕಟವಾಯಿತು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು.

ಈ ಕಾರ್ಯವನ್ನು ಮಿಶನರಿ ವಿದ್ವತ್ತಿನ ಮುಂದುವರಿಕೆಯೆಂದಷ್ಟೇ ಕಾಣುವುದು ಸರಿಯಾಗದು. 1894ರಲ್ಲಿ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ಕನ್ನಡವನ್ನು ಕಲಿತು ಅರಿತವರು. ಉತ್ತಂಗಿಯವರಿಗೆ ಅದು ಹುಟ್ಟುಭಾಷೆ. ಹಳ್ಳಿಯ ಜನರೊಡನೆ ಮಾತನಾಡಲೇಬೇಕಾದ ಪಾದ್ರಿಯ ವೃತ್ತಿ ಅವರಿಗೆ ಕ್ಷೇತ್ರಕಾರ್ಯದ ದಾರಿಯನ್ನೂ ತೆರೆಯಿತು.

ಆದರೆ ಸಂಗ್ರಾಹಕನ ದಾರಿಗೂ ಸಂಪಾದಕನ ಗುರಿಗೂ ನಡುವೆ ಒಂದು ಬಿಕ್ಕಟ್ಟಿದೆ. ‘ಸರ್ವಜ್ಞ’ ಎಂಬ ಅಂಕಿತವು ಯಾರ ತ್ರಿಪದಿಗೂ ಸುಲಭವಾಗಿ ಅಂಟಿಕೊಳ್ಳಬಲ್ಲದು. ಮಾತಿನ ನಡುವೆ ಬುದ್ಧಿಹೇಳಲು, ಕೆಣಕಲು, ವ್ಯಾಜ್ಯ ತೀರಿಸಲು ಬಳಕೆಯಾಗುತ್ತ ಬಂದ ತ್ರಿಪದಿಗೆ ಆಡಿದವರ ಮತ್ತು ಆಡಿದ ಸಂದರ್ಭದ ಅರ್ಥವೂ ಸೇರಿರುತ್ತದೆ. ಇವೆಲ್ಲವನ್ನೂ ಒಬ್ಬ ಕವಿಯ ಕೃತಿಯಾಗಿ ಮುದ್ರಿಸಿದಾಗ ಪಾಠ ಸ್ಥಿರಗೊಳ್ಳುತ್ತದೆ. ಬಳಕೆಯ ಚಲನಶೀಲತೆ ಮರೆಯಾಗುತ್ತದೆ. ಪಾಠಾಂತರವು ಗ್ರಂಥಸಂಪಾದಕನಿಗೆ ನಿವಾರಿಸಬೇಕಾದ ದೋಷವಾದರೆ, ಜಾನಪದ ವಿದ್ವಾಂಸನಿಗೆ ಅದೇ ಆಕರ.

ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿದ ಅವರ ಬರವಣಿಗೆಯಲ್ಲೂ ಇದೇ ಪ್ರವೃತ್ತಿಯನ್ನು ಗುರುತಿಸಬಹುದು. ಪರಂಪರೆ ನಂಬಿದ್ದನ್ನು ಚರಿತ್ರೆಯಲ್ಲಿ ಸ್ಥಾಪಿಸುವ ಹಂಬಲವದು. ಅನ್ಯಧರ್ಮೀಯರ ಪರಂಪರೆಯನ್ನು ಕ್ರೈಸ್ತ ಪಾದ್ರಿಯೊಬ್ಬರು ಅಷ್ಟು ಗಂಭೀರವಾಗಿ ಪರಿಗಣಿಸಿದ್ದು ಅವರ ಔದಾರ್ಯಕ್ಕೆ ಸಾಕ್ಷಿ. ಆದರೂ, ಒಂದು ನೆನಪು ಜನಸಮುದಾಯಕ್ಕೆ ಏಕೆ ಬೇಕಾಯಿತು ಎಂಬ ಪ್ರಶ್ನೆಯು ಅದು ನಡೆಯಿತೇ ಎಂಬ ಪ್ರಶ್ನೆಯಷ್ಟೇ ಮುಖ್ಯವಾದುದು.

ಈ ಮಿತಿಯು ಅವರ ಕಾಲದ ಗ್ರಂಥಸಂಪಾದನಾ ಶಾಸ್ತ್ರದ ಮಿತಿಯೂ ಹೌದು. ಆದುದರಿಂದ 1924ರ ಸಂಪುಟವನ್ನು ಸರ್ವಜ್ಞನ ಅಂತಿಮ ಪಾಠವೆಂದು ಅಲ್ಲ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಾಡು ಸರ್ವಜ್ಞನ ಹೆಸರಿನಲ್ಲಿ ಏನನ್ನು ನೆನಪಿಟ್ಟುಕೊಂಡಿತ್ತೆಂಬುದರ ದಾಖಲೆಯೆಂದು ಓದಬೇಕಾಗಿದೆ. ಹಡಗಲಿ, ಹೊಸಪೇಟೆ, ಸಂಡೂರು ಸೀಮೆಗಳಲ್ಲಿ ಇಂದು ಕ್ಷೇತ್ರಕಾರ್ಯ ಮಾಡುವವರು ತ್ರಿಪದಿಯೊಡನೆ ಅದನ್ನು ಹೇಳಿದವರನ್ನೂ ಹೇಳಿದ ಸಂದರ್ಭವನ್ನೂ ದಾಖಲಿಸಿದರೆ, ಉತ್ತಂಗಿಯವರು ತೊಡಗಿದ ಕಾರ್ಯ ಮುಂದುವರಿದಂತಾಗುತ್ತದೆ.