ಉಳಿಸಿಕೊಂಡವರ ಕಥೆ: ‘ಡಾಕ್ಟರ್ ಹೂ’ ಮತ್ತು ಅದರ ಅಭಿಮಾನಿಗಳು

ಒಂದು ಕಥೆಯನ್ನು ಮೆಚ್ಚುವುದು ಬೇರೆ, ಅದರ ಮೇಲೆ ಅಭಿಮಾನವಿಡುವುದು ಬೇರೆ. ಮೆಚ್ಚಿದವನು ನೋಡಿ, ಚೆನ್ನಾಗಿದೆಯೆಂದು ಹೇಳಿ, ಎದ್ದುಹೋಗುತ್ತಾನೆ. ಅಭಿಮಾನಿಯಾದರೋ ಅದರ ಕುಂದುಕೊರತೆಗಳನ್ನೆಲ್ಲ ಬಲ್ಲವನು. ಅದರೊಡನೆ ಜಗಳವಾಡುತ್ತಾನೆ, ಮುನಿಸಿಕೊಳ್ಳುತ್ತಾನೆ, ಆದರೂ ಕೈಬಿಡುವುದಿಲ್ಲ. ಈ ಎರಡನೆಯ ಬಗೆಯ ಪ್ರೀತಿ ಎಲ್ಲಿಂದ ಹುಟ್ಟುತ್ತದೆ? ಬ್ರಿಟನ್ನಿನ ಬಿ.ಬಿ.ಸಿ. 1963ರಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಧಾರಾವಾಹಿಯಷ್ಟು ಸ್ಪಷ್ಟವಾಗಿ ಈ ಪ್ರಶ್ನೆಯನ್ನು ಎತ್ತುವ ಇನ್ನೊಂದು ಕೃತಿಯನ್ನು ನಾನು ಕಂಡಿಲ್ಲ.

ಅದನ್ನು ನೋಡದ ಓದುಗರಿಗಾಗಿ ನಾಲ್ಕು ಮಾತು. ಡಾಕ್ಟರ್ ಎಂಬವನು ವೈದ್ಯನಲ್ಲ. ದೂರದ ಗ್ರಹವೊಂದರಿಂದ ತನ್ನವರನ್ನು ಬಿಟ್ಟು ಹೊರಟುಬಂದವನು. ಅವನ ನಿಜವಾದ ಹೆಸರೇನೆಂಬುದನ್ನು ಕಥೆ ಹೇಳುವುದಿಲ್ಲ. ಧಾರಾವಾಹಿಯ ಹೆಸರಿನಲ್ಲಿರುವ ‘ಯಾರು’ ಎಂಬ ಪ್ರಶ್ನೆ ಅದೇ. ಟಾರ್ಡಿಸ್ ಎಂಬ ಅವನ ವಾಹನ ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸಬಲ್ಲದು. ಹೊರಗಿನಿಂದ ನೋಡಿದರೆ ಅದು ಲಂಡನ್ನಿನ ಬೀದಿಗಳಲ್ಲಿ ಹಿಂದೆ ಇರುತ್ತಿದ್ದ ನೀಲಿ ಬಣ್ಣದ ಪೋಲೀಸ್ ಪೆಟ್ಟಿಗೆ. ಒಳಹೊಕ್ಕರೆ ಹೊರಗಿನ ಅಳತೆಗೆ ಸಂಬಂಧವೇ ಇಲ್ಲದಷ್ಟು ವಿಶಾಲ. ಮೊದಲ ಕಥೆಯಲ್ಲಿ ಅವನ ಮೊಮ್ಮಗಳು ಸೂಸನ್ ಓದುವ ಶಾಲೆಯ ಇಬ್ಬರು ಉಪಾಧ್ಯಾಯರು, ವಿಜ್ಞಾನದ ಇಯಾನ್ ಮತ್ತು ಇತಿಹಾಸದ ಬಾರ್ಬರಾ, ಕುತೂಹಲದಿಂದ ಅದರೊಳಗೆ ಕಾಲಿಟ್ಟು ಸಿಕ್ಕಿಬೀಳುತ್ತಾರೆ. ವಾಹನವನ್ನು ಬೇಕಾದಲ್ಲಿಗೆ ನಡೆಸುವ ಹತೋಟಿ ಆಗ ಡಾಕ್ಟರನಿಗೂ ಇರಲಿಲ್ಲ. ಅವರಿಬ್ಬರು ಲಂಡನ್ನಿಗೆ ಮರಳಿದ್ದು 1965ರ ಕಥೆಯೊಂದರಲ್ಲಿ. ಅಂದರೆ, ಆರಂಭದ ಸುಮಾರು ಎರಡು ವರ್ಷ ಈ ಸಾಹಸಗಳ ಅಡಿಯಲ್ಲಿ ಹರಿಯುತ್ತಿದ್ದುದು ಊರಿಗೆ ಹೋಗುವುದು ಹೇಗೆ ಎಂಬ ಚಿಂತೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಧಾರಾವಾಹಿಯ ಮೇಲಿನ ಅಭಿಮಾನಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳನ್ನು ಕೊಡುತ್ತಾರೆ: ಬಾಲ್ಯದ ನೆನಪು, ಸಾಹಸದ ರುಚಿ, ವಿಜ್ಞಾನದ ಬೆರಗು. ಬಾಲ್ಯದ ನೆನಪೆಂದರೆ, ದೊಡ್ಡವರಾದ ಮೇಲೆ ಇದನ್ನು ಮೊದಲ ಸಲ ನೋಡಿ ಮನಸೋತವರ ಮಾತೇನು? ಸಾಹಸವೆಂದರೆ, ಹತ್ತು ಪಟ್ಟು ಹಣ ಸುರಿದು ತೆಗೆದ ಅಮೆರಿಕದ ಚಿತ್ರಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಇನ್ನು ವಿಜ್ಞಾನದ ವಿಷಯ. ಬಿ.ಎಸ್ಸಿ. ಓದಿದವನಾಗಿ ಹೇಳುತ್ತೇನೆ, ಇಲ್ಲಿ ಭೌತಶಾಸ್ತ್ರ ಬರೀ ನೆಪ. 1966ರ ‘ದಿ ಟೆಂತ್ ಪ್ಲಾನೆಟ್’ ಎಂಬ ಕಥೆಯಲ್ಲಿ ಭೂಮಿಯ ಅವಳಿಯಂಥ ಗ್ರಹವೊಂದು ಸಮೀಪಕ್ಕೆ ಬರುತ್ತದೆ. ಆಗ ಕಡಲಿನ ಉಬ್ಬರವಿಳಿತಗಳ ಗತಿಯೇನು ಎಂಬ ವಿಚಾರಕ್ಕೆ ಕಥೆ ಕೈಹಾಕುವುದೇ ಇಲ್ಲ. ಡಾಕ್ಟರನ ಕೈಯಲ್ಲಿರುವ, ಶಬ್ದದಿಂದ ಕೆಲಸ ಮಾಡುವ ಸ್ಕ್ರೂಡ್ರೈವರ್ ಹೆಚ್ಚುಕಡಿಮೆ ಎಲ್ಲ ಬೀಗಗಳನ್ನೂ ತೆರೆಯುತ್ತದೆ. ಯಾವ ನಿಯಮದಿಂದ ಎಂದು ಕೇಳಬಾರದು.

ಹಾಗಾದರೆ ಕಾರಣವೇನು? ನನ್ನ ಅಭಿಪ್ರಾಯ ಇಷ್ಟು: ಈ ಧಾರಾವಾಹಿ ನೋಡುಗನ ಪಾಲಿಗೆ ಒಂದಿಷ್ಟು ಕೆಲಸವನ್ನು ಬಿಟ್ಟಿರುತ್ತದೆ. ಆ ಕೆಲಸ ಮಾಡಿದವನಿಗೆ ಕಥೆ ತನ್ನದಾಗುತ್ತದೆ.

ಮೊದಲನೆಯ ಕೆಲಸ ಕಲ್ಪಿಸಿಕೊಳ್ಳುವುದು. ‘ಡಾಕ್ಟರ್ ಹೂ’ ಹುಟ್ಟಿದ್ದೇ ಬಡತನದಲ್ಲಿ. ಬಿ.ಬಿ.ಸಿ.ಯ ನಾಟಕ ವಿಭಾಗದ ಮುಖ್ಯಸ್ಥ, ಕೆನಡಾದ ಸಿಡ್ನಿ ನ್ಯೂಮನ್, ಶನಿವಾರ ಸಂಜೆಯ ಹೊತ್ತಿಗೆ ಮನೆಮಂದಿಯೆಲ್ಲ ನೋಡುವಂಥ ಕಾರ್ಯಕ್ರಮವೊಂದನ್ನು ಬಯಸಿ, ಹೊಣೆಯನ್ನು ವೆರಿಟಿ ಲ್ಯಾಂಬರ್ಟ್ ಎಂಬ 27 ವರ್ಷದ ನಿರ್ಮಾಪಕಿಗೆ ಒಪ್ಪಿಸಿದ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ನಮ್ಮ ಲಕ್ನೋದಲ್ಲಿ ಹುಟ್ಟಿದವರು, ಲೇಖಕಿ ಅತಿಯಾ ಹುಸೇನ್ ಅವರ ಮಗ. ಆಗ ಅವರಿಗೂ ಇಪ್ಪತ್ತೈದರ ಆಸುಪಾಸು. ಹೆಂಗಸೊಬ್ಬಳು, ಭಾರತದವನೊಬ್ಬ, ಕೆನಡಾದವನೊಬ್ಬ: ಅಂದಿನ ಬಿ.ಬಿ.ಸಿ.ಯೊಳಗೆ ಇವರೆಲ್ಲ ಒಂದು ರೀತಿಯಲ್ಲಿ ಹೊರಗಿನವರೇ. ಮನೆಯಿಂದ ದೂರವಾದವನ ಕಥೆ ಇವರ ಕೈಯಲ್ಲಿ ರೂಪುಗೊಂಡದ್ದು ಆಶ್ಚರ್ಯವಲ್ಲ.

ಲೈಮ್ ಗ್ರೋವಿನ ಇಕ್ಕಟ್ಟಾದ ಸ್ಟುಡಿಯೋದಲ್ಲಿ ಹೊಸ ಲೋಕಗಳನ್ನು ಕಟ್ಟಲು ಹಣವೆಲ್ಲಿ? ಡೇಲೆಕ್ ಎಂಬ ಪ್ರಸಿದ್ಧ ವೈರಿ ಒಳಗೊಬ್ಬ ಮನುಷ್ಯ ಕುಳಿತು ಕಾಲಿನಿಂದ ತಳ್ಳಿಕೊಂಡು ಹೋಗುವ ಗೂಡು. ಅದರ ಒಂದು ಕೈ, ಬಚ್ಚಲು ಕಟ್ಟಿದಾಗ ಒತ್ತುವ ರಬ್ಬರಿನ ಬಟ್ಟಲನ್ನೇ ಹೋಲುತ್ತದೆ. ಆದರೂ ಮಕ್ಕಳು ಹೆದರಿದರು. ರಾನ್ ಗ್ರೇನರ್ ರಚಿಸಿದ ಆರಂಭಗೀತವನ್ನು ಡೀಲಿಯಾ ಡರ್ಬಿಶೈರ್ ಎಂಬಾಕೆ ಧ್ವನಿಸುರುಳಿಯನ್ನು ತುಂಡುತುಂಡಾಗಿ ಕತ್ತರಿಸಿ, ಸ್ವರಕ್ಕೆ ಸ್ವರ ಅಂಟಿಸಿ ಸಿದ್ಧಪಡಿಸಿದಳು. ಇಂದಿಗೂ ಅದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. 2007ರ ‘ಬ್ಲಿಂಕ್’ ಎಂಬ ಕಂತಿನ ವೈರಿಗಳು ಕಲ್ಲಿನ ಪ್ರತಿಮೆಗಳು. ನಾವು ನೋಡುತ್ತಿರುವಷ್ಟು ಹೊತ್ತು ಅವು ಅಲುಗುವುದಿಲ್ಲ. ಕಣ್ಣು ಮಿಟುಕಿಸಿದರೆ ಮುಂದೆ ಬರುತ್ತವೆ. ಅವು ನಡೆಯುವುದನ್ನು ತೋರಿಸುವುದೇ ಇಲ್ಲ. ಆ ನಡಿಗೆ ನೋಡುಗನ ತಲೆಯೊಳಗೆ ನಡೆಯುತ್ತದೆ. ಯಕ್ಷಗಾನ ಕಂಡವರಿಗೆ ಈ ಗುಟ್ಟು ಹೊಸದಲ್ಲ. ರಂಗದ ಮೇಲೆ ರಥವಿಲ್ಲ, ಕುದುರೆಯಿಲ್ಲ. ಹೆಜ್ಜೆಯಿದೆ, ಚೆಂಡೆಯಿದೆ, ಮಿಕ್ಕಿದ್ದು ನಮ್ಮದು. ಎಲ್ಲವನ್ನೂ ತೋರಿಸಿದ ಚಿತ್ರ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಕೇಳದಿದ್ದುದಕ್ಕೆ ನಾವೂ ಏನನ್ನೂ ಕೊಡುವುದಿಲ್ಲ.

ಎರಡನೆಯದು ಇನ್ನೂ ಕಷ್ಟದ ಕೆಲಸ: ಹೋದವನನ್ನು ಬೀಳ್ಕೊಟ್ಟು ಬಂದವನನ್ನು ಒಪ್ಪಿಕೊಳ್ಳುವುದು. ಮೊದಲ ಡಾಕ್ಟರ್ ವಿಲಿಯಮ್ ಹಾರ್ಟ್‌ನೆಲ್ 1966ರ ಹೊತ್ತಿಗೆ ಕಾಯಿಲೆಯಿಂದ ಬಳಲಿದ್ದ. ನಾಯಕನಿಲ್ಲದೆ ಧಾರಾವಾಹಿ ನಡೆಯುವುದುಂಟೆ? ನಿರ್ಮಾಪಕರು ಒಂದು ಉಪಾಯ ಹೂಡಿದರು. ‘ದಿ ಟೆಂತ್ ಪ್ಲಾನೆಟ್’ ಕಥೆಯ ಕೊನೆಯಲ್ಲಿ ಡಾಕ್ಟರ್ ನೆಲಕ್ಕೊರಗುತ್ತಾನೆ. ನೋಡನೋಡುತ್ತಿದ್ದಂತೆ ಅವನ ಮುಖ ಕರಗಿ ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೊಬ್ಬ ನಟನ ಮುಖವಾಗುತ್ತದೆ. ಒಂದೇ ಪಾತ್ರ, ಮತ್ತೊಂದು ದೇಹ, ಮತ್ತೊಂದು ಸ್ವಭಾವ. ಆಮೇಲೆ ಇದೇ ಸಂಪ್ರದಾಯವಾಯಿತು. 2017ರಲ್ಲಿ ಜೋಡಿ ವಿಟೇಕರ್ ಎಂಬ ನಟಿಗೆ, ಮುಂದೆ ರುವಾಂಡದಲ್ಲಿ ಹುಟ್ಟಿದ ಶೂಟಿ ಗಾಟ್ವಾ ಎಂಬ ನಟನಿಗೆ ಆ ಪಾತ್ರ ಒಲಿಯಿತು. ಪ್ರತಿ ಸಲವೂ ಹಳಬರು ಗೊಣಗುತ್ತಾರೆ, ತಮ್ಮ ಡಾಕ್ಟರನಂತೆ ಇನ್ನೊಬ್ಬನಿಲ್ಲ ಎನ್ನುತ್ತಾರೆ. ಪ್ರತಿ ಸಲವೂ ಎಲ್ಲೋ ಒಂದು ಮನೆಯಲ್ಲಿ ಒಂದು ಮಗು ಮೊದಲ ಬಾರಿಗೆ ನೋಡಿ, ಇವನೇ ನನ್ನವನು ಎಂದುಕೊಳ್ಳುತ್ತದೆ. ಮಮತೆ ಮುಖದ ಮೇಲಲ್ಲ, ಮುಖ ಬದಲಾದರೂ ಉಳಿಯುವ ಯಾವುದೋ ಒಂದರ ಮೇಲೆ ಎಂಬುದನ್ನು ಈ ಕಥೆ ನೋಡುಗನಿಂದಲೇ ಕಂಡುಹಿಡಿಸುತ್ತದೆ.

ಉಳಿಯುವ ಆ ಒಂದು ಯಾವುದು? 1975ರ ‘ಜೆನೆಸಿಸ್ ಆಫ್ ದಿ ಡೇಲೆಕ್ಸ್’ ಕಥೆಯಲ್ಲಿ ಅದು ಕಾಣುತ್ತದೆ. ಡೇಲೆಕ್ ಕುಲ ಹುಟ್ಟುವ ಗಳಿಗೆಯಲ್ಲಿಯೇ ಅದನ್ನು ನಾಶಮಾಡುವ ಅವಕಾಶ ಡಾಕ್ಟರನಿಗೆ ಸಿಗುತ್ತದೆ. ಎರಡು ತಂತಿಗಳನ್ನು ಮುಟ್ಟಿಸಿದರೆ ಸಾಕು, ಮುಂದಿನ ಯುಗಗಳ ಸಂಹಾರವೆಲ್ಲ ತಪ್ಪುತ್ತದೆ. ಆದರೂ ಅವನು ಅಲ್ಲಿಯೇ ನಿಂತು, ಇದಕ್ಕೆ ತನಗೆ ಅಧಿಕಾರವುಂಟೇ ಎಂದು ಕೇಳಿಕೊಳ್ಳುತ್ತಾನೆ. ಟಾಮ್ ಬೇಕರ್ ಅಭಿನಯಿಸಿದ ಆ ದೃಶ್ಯದಲ್ಲಿ ಆಯುಧವಿಲ್ಲ, ಓಟವಿಲ್ಲ. ಗೆಲ್ಲಬಹುದಾದ ಹೊತ್ತಿನಲ್ಲಿ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ನಾಯಕನೊಬ್ಬನಿದ್ದಾನೆ, ಅಷ್ಟೆ. ತೀರ್ಪನ್ನು ನೋಡುಗನು ಮನೆಗೆ ಒಯ್ಯಬೇಕು.

ಮೂರನೆಯ ಕೆಲಸವನ್ನು ಮಾತ್ರ ಧಾರಾವಾಹಿ ಕೊಟ್ಟದ್ದಲ್ಲ, ವಿಧಿ ಕೊಟ್ಟದ್ದು. 1960 ಮತ್ತು 70ರ ದಶಕಗಳಲ್ಲಿ ಬಿ.ಬಿ.ಸಿ. ತನ್ನ ಹಳೆಯ ಕಾರ್ಯಕ್ರಮಗಳನ್ನು ಅಳಿಸಿಹಾಕಿತು. ಕಡತಗಳ ನಡುವೆಯೇ ವಯಸ್ಸು ಕಳೆಯುವ ನನ್ನಂಥ ಗುಮಾಸ್ತನಿಗೆ ಇದರಲ್ಲಿ ಯಾರ ದುಷ್ಟತನವೂ ಕಾಣುವುದಿಲ್ಲ. ಕಡತಕ್ಕೂ ಆಯುಷ್ಯವುಂಟು: ಇಂತಿಷ್ಟು ವರ್ಷ ಇಡಬೇಕು, ಅವಧಿ ತೀರಿದ ಮೇಲೆ ಪರಿಶೀಲಿಸಿ ವಿಲೇವಾರಿ ಮಾಡಬೇಕು. ಅಲ್ಲಿಯೂ ಹಾಗೆಯೇ. ವಿಡಿಯೋ ಸುರುಳಿ ದುಬಾರಿ, ಮತ್ತೆ ಬಳಸಬಹುದಾದ ವಸ್ತು. ನಟರ ಸಂಘದೊಡನೆ ಮಾಡಿಕೊಂಡ ಕರಾರಿನಂತೆ ಮರುಪ್ರಸಾರಕ್ಕೆ ಮಿತಿ. ಬಣ್ಣದ ದೂರದರ್ಶನ ಬಂದ ಮೇಲೆ ಕಪ್ಪು ಬಿಳುಪಿಗೆ ಗಿರಾಕಿಯಿಲ್ಲ. ನಿಯಮದ ಪ್ರಕಾರ ಎಲ್ಲವೂ ಸರಿ. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ 90ಕ್ಕೂ ಹೆಚ್ಚು ಹೀಗೆ ಕಳೆದುಹೋದವು. ಹಾರ್ಟ್‌ನೆಲ್‌ನ ಮುಖ ಟ್ರೌಟನ್‌ನ ಮುಖವಾಗುವ ಆ ಕಂತೂ ಅವುಗಳಲ್ಲಿ ಸೇರಿತು. 1973ರಲ್ಲಿ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಆ ತುಣುಕನ್ನು ತೋರಿಸಿದ್ದರಿಂದ ಅದಿಷ್ಟು ಮಾತ್ರ ಉಳಿಯಿತು.

ಆದರೆ ಕಳೆದುಹೋದ ಒಂದೊಂದು ಕಂತಿನ ಧ್ವನಿಯೂ ಇಂದು ಇದೆ. ಉಳಿಸಿದವರು ಸಾಮಾನ್ಯ ಮನೆಗಳ ಹುಡುಗರು. ಪ್ರಸಾರದ ಹೊತ್ತಿಗೆ ಮನೆಯ ಟೇಪ್ ರೆಕಾರ್ಡರನ್ನು ಹೂಡಿ ಅವರು ಮುದ್ರಿಸಿಕೊಂಡರು. ಮುಂದೊಂದು ದಿನ ಇದು ಬೇಕಾದೀತೆಂಬ ದೂರದೃಷ್ಟಿಯಿಂದಲ್ಲ. ಮತ್ತೊಮ್ಮೆ ಕೇಳಬೇಕೆಂಬ ಆಸೆಯಿಂದ. ಆ ಧ್ವನಿಗೆ ಚಿತ್ರ ಬರೆದು ಬಿ.ಬಿ.ಸಿ. ಈಗ ಹಳೆಯ ಕಥೆಗಳನ್ನು ಮತ್ತೆ ಹೊರತರುತ್ತಿದೆ. ಚಿತ್ರದ ಪ್ರತಿಗಳನ್ನೂ ದೇಶದೇಶ ಸುತ್ತಿ ಹುಡುಕಿದವರಿದ್ದಾರೆ. 2013ರಲ್ಲಿ ಒಂಬತ್ತು ಕಂತುಗಳು ನೈಜೀರಿಯದಲ್ಲಿ ಸಿಕ್ಕವು. ದೊಡ್ಡ ಸಂಸ್ಥೆ ಬೇಡವೆಂದದ್ದನ್ನು ಸಣ್ಣ ಮನೆ ಇಟ್ಟುಕೊಂಡಿತ್ತು.

1989ರಲ್ಲಿ ಧಾರಾವಾಹಿ ನಿಂತಿತು. 1996ರಲ್ಲಿ ಒಂದು ಚಿತ್ರ ಬಂದುದನ್ನು ಬಿಟ್ಟರೆ 2005ರವರೆಗೆ ಪರದೆಯ ಮೇಲೆ ಹೊಸ ಕಥೆ ನಡೆಯಲಿಲ್ಲ. ಆ ವರ್ಷಗಳಲ್ಲಿ ಅಭಿಮಾನಿಗಳು ಕಾದಂಬರಿ ಬರೆದರು, ಧ್ವನಿನಾಟಕ ಆಡಿದರು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ಕಾದಂಬರಿಯೊಂದು 2007ರಲ್ಲಿ ಧಾರಾವಾಹಿಯ ಕಥೆಯೇ ಆಯಿತು. 2005ರಲ್ಲಿ ಅದನ್ನು ಮರಳಿ ತಂದ ರಸೆಲ್ ಟಿ. ಡೇವಿಸ್ ಬಾಲ್ಯದಿಂದಲೂ ಅಭಿಮಾನಿ. 1974ರಲ್ಲಿ ‘ರೇಡಿಯೋ ಟೈಮ್ಸ್’ ಪತ್ರಿಕೆಗೆ ಕಾಗದ ಬರೆದು ಹೊಗಳಿದ್ದ ಹದಿನೈದರ ಹುಡುಗ ಪೀಟರ್ ಕಪಾಲ್ಡಿ, ನಲವತ್ತು ವರ್ಷಗಳ ನಂತರ ತಾನೇ ಡಾಕ್ಟರನಾಗಿ ನಿಂತ.

ಇಷ್ಟು ಹೇಳಿ ನಿಲ್ಲಿಸಿದರೆ ವಿಮರ್ಶೆಯಾಗದು, ಹೊಗಳಿಕೆಯಾದೀತು. ಅಭಿಮಾನಕ್ಕೂ ಒಂದು ರೋಗವುಂಟು. 1985ರ ‘ಅಟ್ಯಾಕ್ ಆಫ್ ದಿ ಸೈಬರ್‌ಮೆನ್’ ಅದರ ಲಕ್ಷಣವನ್ನು ಚೆನ್ನಾಗಿ ತೋರಿಸುತ್ತದೆ. ಅದರ ಕಥೆ ಕಟ್ಟಿಕೊಂಡಿರುವುದು 1966 ಮತ್ತು 1967ರ ಎರಡು ಹಳೆಯ ಕಥೆಗಳ ಮೇಲೆ. ಅವುಗಳಲ್ಲಿ 1967ರ ಕಥೆಯ ಒಂದು ಕಂತೂ ಆಗ ಬಿ.ಬಿ.ಸಿ.ಯ ಬಳಿ ಇರಲಿಲ್ಲ! ನೆನಪಿದ್ದವರಿಗೆ ಮಾತ್ರ ಬಾಗಿಲು, ಹೊಸಬನು ಹೊರಗೆ. ಎಲ್ಲ ಗೊತ್ತಿದ್ದವರು ಎಲ್ಲ ಗೊತ್ತಿದ್ದವರಿಗಾಗಿಯೇ ಮಾಡುವ ಕಥೆ ಒಣಗುತ್ತದೆ. ಹೊಸ ಡಾಕ್ಟರನನ್ನು ಕಂಡು ಸಿಡಿಮಿಡಿಗೊಂಡು, ಇದು ನಮ್ಮದಲ್ಲ ಎಂದು ಕೂಗುವವರೂ ಇದೇ ಬೇನೆಯವರು. ಕಾಪಾಡಿದವನಿಗೆ ಕಾಲಕ್ರಮದಲ್ಲಿ ತಾನೇ ಒಡೆಯನೆಂಬ ಭ್ರಮೆ ಹುಟ್ಟುತ್ತದೆ. ಹೊರನಾಡಿನ ಸಂಘಗಳಲ್ಲಿ ದುಡಿಯುವ ನಾವು ಈ ಮಾತನ್ನು ನಮಗೂ ಹೇಳಿಕೊಳ್ಳಬಹುದು.

ಈ ರೋಗಕ್ಕೆ ಮದ್ದೂ ಅದೇ ಧಾರಾವಾಹಿಯಲ್ಲಿದೆ. 2018ರ ನವೆಂಬರಿನಲ್ಲಿ ಬಂದ, ವಿನಯ್ ಪಟೇಲ್ ಬರೆದ ‘ಡೀಮನ್ಸ್ ಆಫ್ ದಿ ಪಂಜಾಬ್’ ನಮ್ಮ ದೇಶದ ವಿಭಜನೆಯ ಕಥೆ. ಡಾಕ್ಟರಳ ಸಂಗಾತಿ ಯಾಸ್ಮಿನ್ ಎಂಬ ಹುಡುಗಿ ತನ್ನ ಅಜ್ಜಿಯ ತಾರುಣ್ಯವನ್ನು ಕಾಣಲು 1947ರ ಆಗಸ್ಟಿಗೆ ಹೋಗುತ್ತಾಳೆ. ಅಜ್ಜಿ ಉಂಬ್ರೀನ್ ಮುಸ್ಲಿಂ ಕನ್ಯೆ. ಅವಳನ್ನು ವರಿಸಲಿರುವ ಪ್ರೇಮ್ ಹಿಂದು. ಅಲ್ಲಿ ಕಾಣಿಸಿಕೊಳ್ಳುವ ಅನ್ಯಲೋಕದವರು ಕೊಲೆಗಡುಕರೆಂದು ಮೊದಲು ತೋರುತ್ತದೆ. ಆಮೇಲೆ ತಿಳಿಯುತ್ತದೆ, ಅವರ ವ್ರತವೇ ಬೇರೆ: ಯಾರೂ ದಿಕ್ಕಿಲ್ಲದೆ ಸಾಯುವವರ ಬಳಿ ನಿಂತು ಸಾಕ್ಷಿಯಾಗುವುದು, ಅವರನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು. ಕೊಲ್ಲುವವರು ನೆರೆಹೊರೆಯವರು, ಒಡಹುಟ್ಟಿದವರು. ಪ್ರೇಮನನ್ನು ಉಳಿಸಲು ಡಾಕ್ಟರಳಿಂದ ಆಗುವುದಿಲ್ಲ. ಈ ಕಂತನ್ನು ನೋಡಲು ಹಳೆಯ ಕಥೆ ಒಂದೂ ಗೊತ್ತಿರಬೇಕಾಗಿಲ್ಲ. ಆದರೂ ಧಾರಾವಾಹಿಯ ತಿರುಳೆಲ್ಲ ಇದರಲ್ಲಿದೆ: ತಡೆಯಲಾಗದ್ದನ್ನು ಕಣ್ಣುಮುಚ್ಚದೆ ನೋಡುವುದು, ಕಂಡದ್ದನ್ನು ಕಳೆಯದಿರುವುದು. ಟೇಪ್ ರೆಕಾರ್ಡರ್ ಹೂಡಿದ ಆ ಹುಡುಗರು ತಮಗರಿವಿಲ್ಲದೆ ಮಾಡಿದ್ದೂ ಅದನ್ನೇ.

ಆಸಕ್ತ ಓದುಗರಿಗೆ ನನ್ನ ಸಲಹೆ: ಆರು ದಶಕಗಳ ರಾಶಿಯನ್ನು ಕಂಡು ಅಂಜಬೇಡಿ, ಮೊದಲಿನಿಂದ ನೋಡಲು ಹೊರಡಬೇಡಿ. ‘ಬ್ಲಿಂಕ್’ ಒಂದನ್ನು ನೋಡಿ, ಆಮೇಲೆ ಪಂಜಾಬಿನ ಕಥೆಯನ್ನು ನೋಡಿ. ಮಕ್ಕಳನ್ನು ಜೊತೆಗೆ ಕೂಡಿಸಿಕೊಳ್ಳಿ. ಯಾವ ಡಾಕ್ಟರ್ ಒಳ್ಳೆಯವನೆಂದು ಅವರು ನಿಮ್ಮೊಡನೆ ವಾದಕ್ಕಿಳಿದರೆ ಬಿಟ್ಟುಕೊಡಬೇಡಿ. ಆದರೆ ಅವರ ಡಾಕ್ಟರನನ್ನು ಅವರಿಂದ ಕಸಿದುಕೊಳ್ಳಲೂ ಬೇಡಿ.